ಪಂದ್ಯದ ಪುಟ್ಟ ಕಾರಿಗೆ ಯಾವ ಪೆಟ್ರೋಲು?

1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆರ್ಟ್ ಇಂಗೆಲ್ಸ್ ಎಂಬಾತನು ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನನ್ನು ಜೋಡಿಸಿ ಒಂದು ಪುಟ್ಟ ಬಂಡಿಯನ್ನು ಕಟ್ಟಿದನು. ‘ಗೋ-ಕಾರ್ಟ್’ ಎಂಬ ಪಂದ್ಯದ ಕಾರು ಹುಟ್ಟಿದುದು ಹೀಗೆ. ಇಂದು ಎಳೆಯ ಮಕ್ಕಳೂ ಇಂಥ ಕಾರುಗಳನ್ನು ಪಂದ್ಯಗಳಲ್ಲಿ ಓಡಿಸುತ್ತಾರೆ. ಇವುಗಳಿಗೆ ಬಂಕಿನ ಸಾಧಾರಣ ಪೆಟ್ರೋಲು ಸಾಕೆ, ಅಥವಾ ಅದಕ್ಕಿಂತ ಬಹಳ ದುಬಾರಿಯಾದ ಪಂದ್ಯದ ಇಂಧನವೇ ಬೇಕೆ? ಬೆಲೆ ಹೆಚ್ಚಾದುದರಲ್ಲಿ ಶಕ್ತಿಯೂ ಹೆಚ್ಚೆಂಬುದು ಹಲವರ ನಂಬಿಕೆ. ಅದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ನಾವೀಗ ವಿಚಾರಿಸೋಣ.

ಬಡಿತವೆಂದರೇನು?

ಎಂಜಿನ್ನಿನ ಸಿಲಿಂಡರಿನಲ್ಲಿ ಪೆಟ್ರೋಲಿನ ಆವಿಯೂ ಗಾಳಿಯೂ ಸೇರಿದ ಮಿಶ್ರಣವನ್ನು ಪಿಸ್ಟನ್ನು ಒತ್ತಿ ಕುಗ್ಗಿಸುತ್ತದೆ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಉರಿಯು ಮಿಶ್ರಣದೊಳಗೆ ಕ್ರಮವಾಗಿ ಹರಡಬೇಕು. ಆದರೆ ಒಮ್ಮೊಮ್ಮೆ ದೂರದ ಅಂಚಿನಲ್ಲಿರುವ ಮಿಶ್ರಣವು, ಉರಿ ತನ್ನನ್ನು ತಲುಪುವ ಮೊದಲೇ, ಶಾಖವನ್ನೂ ಒತ್ತಡವನ್ನೂ ತಾಳಲಾರದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆಗ ಸುತ್ತಿಗೆಯಿಂದ ಲೋಹವನ್ನು ಬಡಿದಂತಹ ಸದ್ದು ಕೇಳಿಸುತ್ತದೆ. ಇದನ್ನೇ ಬಡಿತವೆನ್ನುವರು. ತೀವ್ರವಾದ ಬಡಿತ ಮುಂದುವರಿದರೆ ಪಿಸ್ಟನ್ನಿನ ನೆತ್ತಿ ಕರಗಿ ತೂತಾಗಬಹುದು.

ಬಡಿತವನ್ನು ತಡೆಯುವ ಗುಣವನ್ನು ಅಳೆಯಲು 1926ರಲ್ಲಿ ಗ್ರಹಾಂ ಎಡ್ಗರ್ ಎಂಬ ರಸಾಯನಶಾಸ್ತ್ರಜ್ಞನು ಒಂದು ಮಾನವನ್ನು ಸೂಚಿಸಿದನು. ಸುಲಭವಾಗಿ ಬಡಿಯದ ಐಸೋ-ಆಕ್ಟೇನಿಗೆ 100, ಬೇಗ ಬಡಿಯುವ ಹೆಪ್ಟೇನಿಗೆ 0. 90 ಪಾಲು ಐಸೋ-ಆಕ್ಟೇನೂ 10 ಪಾಲು ಹೆಪ್ಟೇನೂ ಸೇರಿದ ಮಿಶ್ರಣದಂತೆ ವರ್ತಿಸುವ ಪೆಟ್ರೋಲಿನ ಆಕ್ಟೇನ್ ಸಂಖ್ಯೆ 90.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಈ ಎರಡು ದ್ರವಗಳಲ್ಲಿ ಯಾವುದರ ಒಂದು ಕಿಲೋಗ್ರಾಂ ಉರಿದರೂ ಹೊರಡುವ ಶಾಖ ಹೆಚ್ಚುಕಡಮೆ ಒಂದೇ. ಸುಮಾರು 44 ಮೆಗಾಜೂಲು. ಎಂದರೆ ಆಕ್ಟೇನ್ ಸಂಖ್ಯೆಯು ಶಕ್ತಿಯ ಅಳತೆಯಲ್ಲ, ಸಹನೆಯ ಅಳತೆ.

ಹೆಚ್ಚಿನ ಆಕ್ಟೇನ್ ಯಾರಿಗೆ ಬೇಕು?

ಮಿಶ್ರಣವನ್ನು ಒಂಬತ್ತನೆಯ ಒಂದು ಪಾಲಿಗೆ ಕುಗ್ಗಿಸುವ ಎಂಜಿನ್ನಿನ ಆದರ್ಶ ದಕ್ಷತೆ, ಲೆಕ್ಕದಂತೆ, ಶೇಕಡ 58. ಹನ್ನೆರಡನೆಯ ಒಂದು ಪಾಲಿಗೆ ಕುಗ್ಗಿಸಿದರೆ ಶೇಕಡ 63. ಹೆಚ್ಚಾಗಿ ಒತ್ತಿದರೆ ಲಾಭವುಂಟು; ಬಡಿತದ ಭಯವೂ ಉಂಟು. ಅಂಥ ಎಂಜಿನ್ನಿಗೆ ಪಂದ್ಯದ ಇಂಧನವು ಅವಶ್ಯಕ. ಆದರೆ ಕಡಮೆ ಒತ್ತುವ ಎಂಜಿನ್ನಿಗೆ ಅದನ್ನು ಹಾಕಿದರೆ ಪ್ರಯೋಜನವೇನು? ಬಾವಿಯ ಕೊಡಕ್ಕೆ ದಪ್ಪ ಹಗ್ಗವನ್ನು ಕಟ್ಟಿದ ಮಾತ್ರಕ್ಕೆ ಹೆಚ್ಚು ನೀರು ಬಾರದು. ದೊಡ್ಡ ಕೊಡವನ್ನು ಇಳಿಸುವವನಿಗೆ ಮಾತ್ರ ದಪ್ಪ ಹಗ್ಗ ಬೇಕು.

ಪಂದ್ಯದ ಇಂಧನಕ್ಕೆ ಮತ್ತೊಂದು ಗುಣವಿದೆ. ಅದರ ಘಟಕಗಳು ಡಬ್ಬಿಯಿಂದ ಡಬ್ಬಿಗೆ ಬದಲಾಗವು. ಬಂಕಿನ ಪೆಟ್ರೋಲು ಹಾಗಲ್ಲ. ಅಮೆರಿಕದಲ್ಲಿ ಅದರ ಆವಿಯಾಗುವ ಗುಣವನ್ನು ಋತುವಿಗೆ ತಕ್ಕಂತೆ ಬದಲಿಸುತ್ತಾರೆ; ಶೇಕಡ 10ರ ವರೆಗೆ ಎಥನಾಲನ್ನೂ ಬೆರೆಸುವುದು ಸಾಮಾನ್ಯ. ಎಥನಾಲು ತನ್ನಲ್ಲೇ ಆಮ್ಲಜನಕವನ್ನು ಹೊಂದಿದೆ. ಆದುದರಿಂದ ಕಾರ್ಬ್ಯುರೇಟರಿನ ರಂಧ್ರವು ಮೊದಲಿನಷ್ಟೇ ಇದ್ದರೆ ಮಿಶ್ರಣದಲ್ಲಿ ಇಂಧನದ ಅಂಶ ಸಾಲದೆ ಎಂಜಿನ್ನು ಕಾಯುವುದು. ಎಥನಾಲು ತೇವವನ್ನೂ ಹೀರುತ್ತದೆ. ಅಂಥ ಪೆಟ್ರೋಲನ್ನು ಬಹುಕಾಲ ಕೂಡಿಡಬಾರದು.

ಸೀಸದ ವಿಷಯ

1921ರಲ್ಲಿ ಥಾಮಸ್ ಮಿಜ್ಲಿಯು ಟೆಟ್ರಾ ಈಥೈಲ್ ಸೀಸವನ್ನು ತುಸು ಬೆರೆಸಿದರೆ ಬಡಿತ ನಿಲ್ಲುವುದೆಂದು ಕಂಡುಹಿಡಿದನು. ಆದರೆ ಸೀಸವು ವಿಷ. ಬೆಳೆಯುವ ಮಕ್ಕಳ ಮಿದುಳಿಗೆ ಅದು ಬಹಳ ಹಾನಿಕರ. ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲನ್ನು ಅಮೆರಿಕದಲ್ಲಿ 1996ರಲ್ಲಿಯೂ ಭಾರತದಲ್ಲಿ 2000ದಲ್ಲಿಯೂ ನಿಲ್ಲಿಸಲಾಯಿತು. ಆದರೆ ಅಮೆರಿಕದಲ್ಲಿ ಪಂದ್ಯದ ಕಾರುಗಳಿಗೆ ಈ ನಿಷೇಧ ಅನ್ವಯಿಸಲಿಲ್ಲ. ಅಲ್ಲಿ ಮಾರುವ ಕೆಲವು ಪಂದ್ಯದ ಇಂಧನಗಳಲ್ಲಿ ಸೀಸವಿದೆ. ಹುಡುಗರು ಓಡಿಸುವ, ಹುಡುಗರೇ ಇಂಧನ ತುಂಬುವ ಕಾರಿಗೆ ಅದನ್ನು ಬಳಸುವುದು ಯೋಗ್ಯವೆ? ಸೀಸವಿಲ್ಲದ ಪಂದ್ಯದ ಇಂಧನಗಳೂ ದೊರೆಯುತ್ತವೆ.

ಆದುದರಿಂದ ಆಯ್ಕೆಯ ಕ್ರಮ ಹೀಗಿರಬೇಕು. ಮೊದಲು ಪಂದ್ಯದ ನಿಯಮವನ್ನು ನೋಡಬೇಕು. ಬಳಿಕ ಎಂಜಿನ್ನಿನ ತಯಾರಕರು ಹೇಳಿದ ಆಕ್ಟೇನ್ ಸಂಖ್ಯೆಯನ್ನು ನೋಡಬೇಕು. ಬಂಕಿನ ಪೆಟ್ರೋಲು ಆ ಸಂಖ್ಯೆಯನ್ನು ಮುಟ್ಟಿದರೆ ಅದೇ ಸಾಕು. ಮುಟ್ಟದಿದ್ದರೆ ಹಣ ಉಳಿಸಲು ಹೋಗಿ ಪಿಸ್ಟನ್ನನ್ನು ಕಳೆದುಕೊಳ್ಳಬಾರದು. ಇಂಧನವು ಎಂಜಿನ್ನಿಗೆ ಒಪ್ಪಬೇಕೇ ಹೊರತು, ಅದರ ಬೆಲೆಯು ನಮ್ಮ ಆಸೆಗೆ ಒಪ್ಪಿದರೆ ಸಾಲದು.