ಹಾಸಿಗೆ ಇದ್ದ ಮಾತ್ರಕ್ಕೆ ವ್ಯಾನು ಮನೆಯಾಗದು

ಹೊಸಪೇಟೆ, ಹಂಪಿ, ಕಂಪ್ಲಿ, ಕೊನೆಗೆ ಸಂಡೂರಿನ ಬೆಟ್ಟಸಾಲು. ಮಲಗಲು ಹಾಸಿಗೆ, ಚಹಾ ಕಾಯಿಸಲು ಒಲೆ ಇರುವ ಕ್ಯಾಂಪರ್ ವ್ಯಾನಿನಲ್ಲಿ ವಾರವಿಡೀ ತುಂಗಭದ್ರೆಯ ದಂಡೆಗುಂಟ ಸುತ್ತಬೇಕೆಂಬ ಆಸೆ ಈಗ ಬೆಂಗಳೂರು, ಹುಬ್ಬಳ್ಳಿಯ ಸಾಮಾನ್ಯ ಕುಟುಂಬಗಳಿಗೂ ಹತ್ತಿದೆ. ಲಾಡ್ಜ್ ಹುಡುಕುವ ಗೋಜಿಲ್ಲ, ಕತ್ತಲಾದಲ್ಲೇ ಬೀಡು. ಕೇಳಲು ಚೆಂದ. ಆದರೆ ಹೊರಡುವ ಮುಂಚೆ ಎರಡು ಪ್ರಶ್ನೆಗಳಿಗೆ ಉತ್ತರ ಕೈಯಲ್ಲಿರಲಿ: ವ್ಯಾನಿನ ನಂಬರ್ ಪ್ಲೇಟ್ ಯಾವ ಬಣ್ಣದ್ದು, ರಾತ್ರಿ ನಿಲ್ಲಿಸುವ ಜಾಗ ಯಾರದ್ದು? ಪ್ರವಾಸದಲ್ಲಿ ಎದುರಾಗುವ ಕಾನೂನಿನ ತಕರಾರುಗಳಲ್ಲಿ ಬಹುಪಾಲು ಈ ಎರಡರಲ್ಲೇ ಹುಟ್ಟುತ್ತವೆ.

ಪ್ಲೇಟಿನ ಬಣ್ಣ

ಬಿಳಿ ಪ್ಲೇಟಿನ ಮೇಲೆ ಕಪ್ಪು ಅಕ್ಷರವಿದ್ದರೆ ಖಾಸಗಿ ವಾಹನ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಕೇಂದ್ರ ಸರ್ಕಾರದ 2004ರ ಅಧಿಸೂಚನೆ ಈ ವರ್ಗಕ್ಕೇ ಸೇರಿಸಿದೆ. ನಿಮ್ಮದೇ ವ್ಯಾನಾದರೆ ತೊಂದರೆಯಿಲ್ಲ. ಅದನ್ನೇ ಇನ್ನೊಬ್ಬರು ನಿಮಗೆ ದಿನಕ್ಕಿಷ್ಟು ಎಂದು ಬಾಡಿಗೆಗೆ ಕೊಟ್ಟರೆ ಮಾತ್ರ ಚಿತ್ರ ಬದಲಾಗುತ್ತದೆ. ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನ ಪ್ರಕಾರ ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುವಂತಿಲ್ಲ. ಓಡಿಸಿದರೆ 192-ಎ ಕಲಮಿನಡಿ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು. ವಾಹನವನ್ನು ಜಪ್ತಿಯೂ ಮಾಡಬಹುದು. ಆಗ ನಿಮ್ಮ ಪೆಟ್ಟಿಗೆ, ಪಾತ್ರೆ, ಮಕ್ಕಳು ಎಲ್ಲ ರಸ್ತೆ ಬದಿಗೆ. ಇನ್ನೊಂದು ಪೆಟ್ಟು ವಿಮೆಯದು. ಖಾಸಗಿ ವಾಹನದ ಪಾಲಿಸಿಯಲ್ಲಿ ಬಾಡಿಗೆ ಬಳಕೆಗೆ ರಕ್ಷಣೆ ಇಲ್ಲವೆಂದು ಅಚ್ಚಾಗಿರುತ್ತದೆ. ವ್ಯಾನು ಜಖಂ ಆದರೆ ಕಂಪನಿ ಕೈ ಎತ್ತಬಹುದು.

ಚಾಲಕರ ಸಮೇತ ಬರುವ ಹಳದಿ ಪ್ಲೇಟಿನ ವಾಹನಕ್ಕೆ ಪ್ರವಾಸಿ ಪರ್ಮಿಟ್ ಇರಬೇಕು. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರವಿದ್ದರೆ ಅದು ನೀವೇ ಓಡಿಸಿಕೊಂಡು ಹೋಗಲು ಪರವಾನಗಿ ಪಡೆದ ಬಾಡಿಗೆ ವಾಹನ. ಇದರ ಪರವಾನಗಿ 1989ರ ರೆಂಟ್ ಎ ಕ್ಯಾಬ್ ಯೋಜನೆಯಡಿ ಸಿಗುತ್ತದೆ, ಅದಕ್ಕೆ ಅರ್ಜಿ ಹಾಕುವವರ ಬಳಿ ಕನಿಷ್ಠ 50 ಕ್ಯಾಬುಗಳಿರಬೇಕು. ಹೊಸಪೇಟೆಯಂಥ ಊರಲ್ಲಿ ಎರಡು ಮೂರು ವ್ಯಾನಿಟ್ಟುಕೊಂಡವರಿಗೆ ಇದು ಎಟುಕುವ ಮಾತಲ್ಲ. ಬಿಳಿ ಬೋರ್ಡಿನ ಕಳ್ಳ ಬಾಡಿಗೆಗೆ ಅರ್ಧ ಕಾರಣ ಈ ನಿಯಮವೇ ಎಂಬುದು ನನ್ನ ಅಭಿಪ್ರಾಯ. ಆದರೆ ದಾರಿಯಲ್ಲಿ ಸಿಕ್ಕಿಬೀಳುವುದು ನಿಯಮ ಮಾಡಿದವರಲ್ಲ, ನೀವು. ಹಾಗಾಗಿ ಚಾಲಕರ ಸಮೇತ ಹಳದಿ ಬೋರ್ಡಿನ ವಾಹನ ಹಿಡಿಯುವುದೇ ಕ್ಷೇಮ. ಹಾಗೆ ಹಿಡಿದರೆ ಚಾಲಕರಿಗೆ ರಾತ್ರಿ ಮಲಗಲು ಜಾಗ, ಹೊತ್ತಿಗೆ ಸರಿಯಾಗಿ ಊಟ ಯಾರು ನೋಡಿಕೊಳ್ಳಬೇಕು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ದಿನಕ್ಕೆ ಎಂಟು ಗಂಟೆ ದುಡಿಮೆಯ ಲೆಕ್ಕ ಅವರಿಗೂ ಇದೆ.

ನಿಮ್ಮ ಸ್ವಂತ ವ್ಯಾನನ್ನು ನೀವೇ ಓಡಿಸುವುದಾದರೆ ಲೈಸೆನ್ಸಿನ ಅನುಮಾನವೊಂದು ಬಗೆಹರಿದಿದೆ. ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಪ್ರತ್ಯೇಕ ಅನುಮತಿ ಇಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಟೆಂಪೊ ಟ್ರಾವೆಲರ್ ಗಾತ್ರದ ವ್ಯಾನುಗಳು ಈ ಮಿತಿಯೊಳಗೇ ಬರುತ್ತವೆ. ಹಳೆ ವ್ಯಾನನ್ನು ಗ್ಯಾರೇಜಿನಲ್ಲಿ ಕ್ಯಾಂಪರ್ ಮಾಡಿಸುವ ಯೋಚನೆಯಿದ್ದರೆ ಮಾತ್ರ ತಡೆಯಿರಿ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಮಾರ್ಪಾಡು ಕೂಡದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆರ್‌ಟಿಓ ಕಚೇರಿಯ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸದೆ ಸೀಟು ಕಿತ್ತು ಮಂಚ ಕೂರಿಸಿದರೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಬೀಳಬಹುದು.

ಬಾಡಿಗೆ ವ್ಯಾನು ಕೈಗೆ ಬರುವಾಗ ಸುತ್ತ ಒಂದು ಸುತ್ತು ನಡೆದು ವಿಡಿಯೊ ಮಾಡಿ. ಬಂಪರಿನ ಗೀರು, ಟೈರು, ಡೀಸೆಲ್ ಮುಳ್ಳು, ಓಡಿರುವ ಕಿಲೋಮೀಟರ್ ಎಲ್ಲ ಕಾಣಲಿ, ಮಾಲೀಕರ ದನಿಯೂ ಕೇಳಲಿ. ನಂಬರ್ ಹಾಕಿದರೆ ಎಂಪರಿವಾಹನ್ ಆ್ಯಪಿನಲ್ಲಿ ವಿಮೆ, ಫಿಟ್‌ನೆಸ್ ಎಂದು ಮುಗಿಯುತ್ತವೆಂಬುದು ಗೊತ್ತಾಗುತ್ತದೆ. ಅಡವಿಗೆಂದು ಮೂಲ ಆಧಾರ್, ಪಾಸ್‌ಪೋರ್ಟ್ ಕೇಳಿದರೆ ಕೊಡಬೇಡಿ, ನಕಲು ಸಾಕು. ಮೂಲ ಡ್ರೈವಿಂಗ್ ಲೈಸೆನ್ಸನ್ನೇ ಅಡವಿಟ್ಟು ಅದೇ ವ್ಯಾನು ಓಡಿಸಿಕೊಂಡು ಹೋಗುವವರೂ ಇದ್ದಾರೆ. ದಾರಿಯಲ್ಲಿ ದಾಖಲೆ ಕೇಳಿದಾಗ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ಪ್ರತಿ ತೋರಿಸಿದರೆ ಸಾಕು, ಕೇಂದ್ರ ಮೋಟಾರು ವಾಹನ ನಿಯಮ 139 ಅದಕ್ಕೆ ಮಾನ್ಯತೆ ಕೊಟ್ಟಿದೆ. ದಂಡ ಕಟ್ಟಿದರೆ ರಸೀದಿ ಪಡೆಯಿರಿ. ತಪ್ಪಿಲ್ಲ ಎನಿಸಿದರೆ ಸ್ಥಳದಲ್ಲೇ ಕಟ್ಟಬೇಕೆಂದಿಲ್ಲ, ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕು ನಿಮಗಿದೆ.

ಚಿತ್ರದುರ್ಗದ ಕಡೆಯಿಂದ ಹೆದ್ದಾರಿ 50ರಲ್ಲಿ ಬರುವವರಿಗೆ ಟೋಲಿನ ವಿಷಯ. ಫಾಸ್ಟ್ಯಾಗ್ ಇಲ್ಲದೆ ಯುಪಿಐನಲ್ಲಿ ಕಟ್ಟಿದರೆ ಒಂದೂಕಾಲು ಪಟ್ಟು. ಈ ನಿಯಮ 2025ರ ನವೆಂಬರ್ 15ರಿಂದ ಜಾರಿಯಲ್ಲಿದೆ. ಟ್ಯಾಗ್ ಸರಿಯಿದ್ದು, ಹಣವೂ ಇದ್ದು, ಟೋಲಿನ ಯಂತ್ರವೇ ಓದದಿದ್ದರೆ ಶುಲ್ಕವಿಲ್ಲದೆ ಬಿಡಬೇಕು, ಸೊನ್ನೆ ಮೊತ್ತದ ರಸೀದಿಯನ್ನೂ ಕೊಡಬೇಕು. 2025ರಲ್ಲಿ 3,000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸು ಖಾಸಗಿ ಕಾರು, ಜೀಪು, ವ್ಯಾನಿಗೆ ಮಾತ್ರ. ಹಳದಿ ಬೋರ್ಡಿಗೆ ಅನ್ವಯಿಸದು.

ರಾತ್ರಿ ಬೀಡು ಎಲ್ಲಿ?

ಹೊಳೆ ದಂಡೆ, ಬಂಡೆಗಳ ನಡುವೆ ಬೆಂಕಿ ಹಾಕಿಕೊಂಡು ಕೂರುವ ಚಿತ್ರವನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿರುತ್ತಾರೆ. ಈ ಸೀಮೆಯಲ್ಲಿ ಅದು ಬಹುತೇಕ ಕಡೆ ಅಪರಾಧ. ತುಂಗಭದ್ರಾ ಅಣೆಕಟ್ಟೆಯ ಕೆಳಗಿನ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36-ಎ ಕಲಮು ಅಭಯಾರಣ್ಯದ ಕೆಲವು ನಿರ್ಬಂಧಗಳನ್ನು ಇಂಥ ಮೀಸಲಿಗೂ ಹಚ್ಚುತ್ತದೆ: ಬೆಂಕಿ ಹಚ್ಚುವಂತಿಲ್ಲ, ಕಸ ಎಸೆಯುವಂತಿಲ್ಲ, ಪ್ರಾಣಿಗಳನ್ನು ಕೆಣಕುವಂತಿಲ್ಲ, ಅವುಗಳಿಗೆ ಹಾನಿ ಮಾಡುವ ರಾಸಾಯನಿಕ ಬಳಸುವಂತಿಲ್ಲ. ಕ್ಯಾಂಪರ್ ವ್ಯಾನಿನವರಿಗೆ ಇದು ನೇರವಾಗಿ ತಾಗುವ ಮಾತು. ಪಾತ್ರೆ ತೊಳೆದ ಸೋಪಿನ ನೀರು, ಟಾಯ್ಲೆಟ್ ಟ್ಯಾಂಕಿನ ಕೊಳಚೆ ಹೊಳೆಗೆ ಬಿಟ್ಟರೆ ಅರಣ್ಯ ಇಲಾಖೆ ಪ್ರಶ್ನಿಸದೆ ಬಿಡದು.

ದಂಡೆ ಬಿಟ್ಟು ಹಂಪಿಯೊಳಗೆ ಬಂದರೆ ಇನ್ನೂ ಬಿಗಿ. ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಇದು ಕಟ್ಟಡ ಕಟ್ಟುವವರಿಗೆ ಸಂಬಂಧಿಸಿದ ನಿಯಮ. ಪ್ರವಾಸಿಗೆ ಮುಖ್ಯವಾದದ್ದು 1959ರ ಸ್ಮಾರಕ ನಿಯಮಗಳು. ಗೊತ್ತುಪಡಿಸಿದ ಜಾಗ ಬಿಟ್ಟು ಸ್ಮಾರಕದ ಆವರಣದಲ್ಲಿ ಅಡುಗೆ ಮಾಡುವಂತಿಲ್ಲ, ಬುತ್ತಿ ಬಿಚ್ಚುವಂತೆಯೂ ಇಲ್ಲ, ವಾಹನವನ್ನು ಪಾರ್ಕಿಂಗ್ ಬಿಟ್ಟು ಬೇರೆಡೆ ತರುವಂತಿಲ್ಲ. ವಿಠ್ಠಲ ದೇವಸ್ಥಾನಕ್ಕೆ ದೂರದಲ್ಲೇ ವಾಹನ ಬಿಟ್ಟು ಬ್ಯಾಟರಿ ಗಾಡಿ ಹತ್ತಬೇಕು, ಇಲ್ಲವೇ ನಡೆಯಬೇಕು. ಡ್ರೋನ್ ಹಾರಿಸಲು, ಟ್ರೈಪಾಡ್ ಇಡಲು ಮುಂಚಿತ ಅನುಮತಿ ಬೇಕು. ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. 2019ರಲ್ಲಿ ಆನೆಲಾಯದ ಹಿಂದಿನ ವಿಷ್ಣು ದೇವಾಲಯದಲ್ಲಿ ಕಂಬ ಉರುಳಿಸಿ ವಿಡಿಯೊ ಮಾಡಿದ್ದ ನಾಲ್ವರು ಯುವಕರಿಗೆ ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತ್ತು.

ಹೊಳೆಯಾಚೆ ವಿರೂಪಾಪುರ ಗಡ್ಡೆಯಲ್ಲಿ ಉಳಿದುಕೊಳ್ಳಬಹುದೆಂದು ಹಳೆಯ ಪ್ರವಾಸ ಪುಸ್ತಕಗಳು ಇನ್ನೂ ಹೇಳುತ್ತವೆ. ಅಲ್ಲಿನ ಅಕ್ರಮ ರೆಸಾರ್ಟುಗಳ ತೆರವನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಮುಂದಿನ ತಿಂಗಳೇ ಜೆಸಿಬಿ ಬಂತು. ಸಾಣಾಪುರದ ಕಡೆಯ ಮಾತಂತೂ ಎಚ್ಚರಿಕೆಯಿಂದ ಹೇಳಬೇಕಾದ್ದು. 2025ರ ಮಾರ್ಚ್‌ನಲ್ಲಿ ರಾತ್ರಿ ಕಾಲುವೆಯ ಬಳಿ ನಕ್ಷತ್ರ ನೋಡುತ್ತ ಕೂತಿದ್ದವರ ಮೇಲೆ ದಾಳಿಯಾಗಿ, ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು, ಕಾಲುವೆಗೆ ತಳ್ಳಲಾದ ಒಬ್ಬ ಪ್ರವಾಸಿ ಸತ್ತರು. ನಿರ್ಜನ ಜಾಗದಲ್ಲಿ ವ್ಯಾನು ನಿಲ್ಲಿಸುವ ಮುಂಚೆ ಇದು ನೆನಪಿರಲಿ.

ಸಂಡೂರಿನ ಬೆಟ್ಟಗಳ ಬಹುಭಾಗ ಮೀಸಲು ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆಯ 24ನೇ ಕಲಮಿನಡಿ ಅಲ್ಲಿ ಅನುಮತಿಯಿಲ್ಲದೆ ಹೊಕ್ಕುವುದು, ಬೆಂಕಿ ಹಾಕುವುದು ಅಪರಾಧ. ಕುಮಾರಸ್ವಾಮಿ ದೇವಸ್ಥಾನಕ್ಕೆ ಹಗಲು ಹೋಗಿ ಬನ್ನಿ, ರಾತ್ರಿ ಊರಿಗಿಳಿಯಿರಿ. ದರೋಜಿ ಕರಡಿಧಾಮದ್ದೂ ಅದೇ ಕಥೆ, ಒಳಗೆ ತಂಗಲು ಅವಕಾಶವಿಲ್ಲ.

ಹಾಗಾದರೆ ಎಲ್ಲಿ? ಹೊಸಪೇಟೆ, ಕಮಲಾಪುರದ ಹೋಟೆಲುಗಳ ಆವರಣ, ಮಾಲೀಕರು ಒಪ್ಪಿದ ಪೆಟ್ರೋಲ್ ಬಂಕು, ಇಲ್ಲವೇ ರೈತರ ಕಣ. ಕಂಪ್ಲಿ ಸುತ್ತಿನ ಭತ್ತ, ಬಾಳೆ, ಕಬ್ಬಿನ ಹೊಲಗಳೆಲ್ಲ ಖಾಸಗಿ ಜಮೀನು. ಕೇಳದೆ ನಿಂತದ್ದಷ್ಟೇ ಕ್ರಿಮಿನಲ್ ಅತಿಕ್ರಮವಾಗದು. ಆದರೆ ಎದ್ದು ಹೋಗಿ ಎಂದ ಮೇಲೂ ಮಾಲೀಕರನ್ನು ಕಾಡುವ, ಬೆದರಿಸುವ ಉದ್ದೇಶದಿಂದ ಅಲ್ಲೇ ಉಳಿದರೆ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು ಬರುತ್ತದೆ. "ಅಣ್ಣಾ, ಒಂದು ರಾತ್ರಿ ಇಲ್ಲೇ ಇರ್ತೀವಿ" ಎಂದು ಕೇಳಿ, ಒಪ್ಪಿದ್ದನ್ನು ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆಸಿಕೊಂಡರೆ ಇಬ್ಬರಿಗೂ ನೆಮ್ಮದಿ.

ಮಳೆಗಾಲದಲ್ಲಿ ಕಂಪ್ಲಿ ಸೇತುವೆಯ ಸುದ್ದಿ ಕೇಳಿಕೊಂಡು ಹೊರಡಿ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಅದು ಮುಳುಗಿ ಗಂಗಾವತಿ ಕಡೆಯ ಸಂಚಾರ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಹೊಳೆ ದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಕೊಡಬೇಕಾಯಿತು. ಅಂಥ ದಿನಗಳಲ್ಲಿ ಹರಿಗೋಲು, ಈಜು ನಿಷೇಧಿಸಿ ಜಿಲ್ಲಾಡಳಿತ ಆದೇಶ ಹೊರಡಿಸಿದರೆ ಅದನ್ನು ಮೀರುವುದೂ ಅಪರಾಧವೇ.

ಒಂದು ಹೊಳೆ, ಮೂರು ಜಿಲ್ಲೆ

2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಯಾಯಿತು. ಹೊಸಪೇಟೆ, ಹಂಪಿ ಅದರೊಳಗೆ ಬಂದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹೊಳೆ ದಾಟಿದರೆ ಆನೆಗೊಂದಿ, ಸಾಣಾಪುರ ಕೊಪ್ಪಳಕ್ಕೆ. ಬೆಳಿಗ್ಗೆಯಿಂದ ಸಂಜೆಯೊಳಗೆ ಮೂರು ಜಿಲ್ಲೆ ತುಳಿಯುವ ಪ್ರವಾಸಿಗೆ ಪೊಲೀಸ್ ಠಾಣೆಯ ಸರಹದ್ದು ಗೊತ್ತಿರುವುದಾದರೂ ಹೇಗೆ?

ಗೊತ್ತಿರಬೇಕಾಗಿಲ್ಲ. ಹಂಪಿಯಲ್ಲಿ ನಿಲ್ಲಿಸಿದ್ದ ವ್ಯಾನಿನಿಂದ ಕ್ಯಾಮೆರಾ ಹೋದದ್ದು ನಿಮಗೆ ಕಂಪ್ಲಿಯಲ್ಲಿ ತಿಳಿಯಿತು ಎನ್ನಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಅಪರಾಧ ಎಲ್ಲೇ ನಡೆದಿರಲಿ, ಕಂಪ್ಲಿ ಠಾಣೆಯವರು ದೂರು ತೆಗೆದುಕೊಳ್ಳಲೇಬೇಕು. ಇದಕ್ಕೇ ಝೀರೋ ಎಫ್‌ಐಆರ್ ಎನ್ನುವುದು, ಆಮೇಲೆ ಅದನ್ನು ಹಂಪಿ ಠಾಣೆಗೆ ಕಳಿಸುವುದು ಅವರ ಕೆಲಸ. ಆನ್‌ಲೈನಿನಲ್ಲೂ ದೂರು ಕೊಡಬಹುದು, ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರಹದಲ್ಲಿ ಕಳಿಸಿ, ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಒಂದು ಎಚ್ಚರ: ಕಳ್ಳತನವಾದದ್ದನ್ನು 'ಕಳೆದುಹೋಗಿದೆ' ಎಂದು ಬರೆಸಿಕೊಂಡು ಬರಬೇಡಿ. ಪ್ರಯಾಣಿಕರನ್ನೋ ಸರಕನ್ನೋ ಒಯ್ಯುವ ವಾಹನದಿಂದ ಮಾಲು ಕದ್ದರೆ ನ್ಯಾಯ ಸಂಹಿತೆಯ 305ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಕಳೆದುಹೋದ ವಸ್ತುವಿನ ಚೀಟಿಗೆ ತನಿಖೆಯೂ ಇಲ್ಲ, ವಿಮೆಯೂ ಸಿಗದು. ಲೈಂಗಿಕ ಅಪರಾಧದ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಸಂತ್ರಸ್ತೆಗೆ ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು.

ಅಪಘಾತವಾದರೆ 112ಕ್ಕೆ ಕರೆ ಮಾಡಿ. 2025ರ ಮೇ 5ರಂದು ಪ್ರಕಟವಾದ ಕೇಂದ್ರದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ನೆರವಿಗೆ ಬಂದವರನ್ನು ಹೆಸರು, ವಿಳಾಸ ಹೇಳಿ ಎಂದು ಬಲವಂತ ಮಾಡುವಂತಿಲ್ಲ. ಪರಿಹಾರದ ಅರ್ಜಿ ಹಾಕಲು ಹೊಸಪೇಟೆಗೆ ಅಲೆಯಬೇಕಿಲ್ಲ, ನಿಮ್ಮ ಊರಿನ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲೇ ಹಾಕಬಹುದು. ಕಾಯ್ದೆಯಲ್ಲಿ ಬರೆದಿರುವ ಗಡುವು ಆರು ತಿಂಗಳು. ಅದನ್ನು ಮೀರುವ ಸಾಹಸ ಬೇಡ.

ಡಿಪಾಸಿಟ್ ವಾಪಸು ಕೊಡದ, ಕೆಟ್ಟ ವ್ಯಾನು ಕೊಟ್ಟ ಮಾಲೀಕರ ಮೇಲಿನ ದೂರಿಗೂ ಇದೇ ಅನುಕೂಲವಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬಾಡಿಗೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದವರೆಗೆ ಕಾಲಾವಕಾಶ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ. ವಿಪರೀತ ಮೊತ್ತದ ಡಿಪಾಸಿಟ್ ಕೇಳುವ ಕರಾರನ್ನು ಈ ಕಾಯ್ದೆ ಅನ್ಯಾಯದ ಕರಾರುಗಳ ಪಟ್ಟಿಯಲ್ಲೇ ಇಟ್ಟಿದೆ, ಅದನ್ನು ರಾಜ್ಯ ಆಯೋಗದ ಮುಂದೆ ಪ್ರಶ್ನಿಸಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಕರೆ ಮಾಡಿದರೆ ಉಚಿತ ಕಾನೂನು ನೆರವಿನ ದಾರಿ ತಿಳಿಯುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಈ ನೆರವಿಗೆ ಆದಾಯ ಮಿತಿ ಇಲ್ಲ.

ಹೊರಡುವ ದಿನ ಬಾಡಿಗೆ ಕರಾರು, ಪರ್ಮಿಟ್, ವಿಮೆ, ಮುಂಗಡದ ರಸೀದಿ, ವ್ಯಾನಿನ ವಿಡಿಯೊ ಇವಿಷ್ಟನ್ನೂ ಮನೆಯಲ್ಲೇ ಉಳಿಯುವ ಒಬ್ಬರ ಫೋನಿಗೆ ಕಳಿಸಿ ಗಾಡಿ ಹತ್ತಿ.