ಬೆಕ್ಕು ಮೈ ನೆಕ್ಕಿಕೊಳ್ಳುವುದೇಕೆ?

ಕಣಜವುಳ್ಳ ಮನೆಗೆ ಬೆಕ್ಕು ಎಷ್ಟು ಅವಶ್ಯಕವೆಂಬುದನ್ನು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ವಿವರಿಸಬೇಕಾದುದಿಲ್ಲ. ಆದರೆ ಇಲಿಯ ಬೇಟೆಯಿಲ್ಲದ ಹೊತ್ತಿನಲ್ಲಿ ಆ ಪ್ರಾಣಿಯು ಮೈ ನೆಕ್ಕಿಕೊಳ್ಳುತ್ತ ಕುಳಿತಿರುವುದೇಕೆಂದು ವಿಚಾರಮಾಡಿದವರು ವಿರಳ. ಇದು ಸೋಮಾರಿಯ ಕಾಲಕ್ಷೇಪವಲ್ಲ. ಇದರ ಮರ್ಮವನ್ನು ತಿಳಿಯದೆ ನಾವು ಮಾಡುವ ಒಂದೆರಡು ಕೆಲಸಗಳಿಂದ ಒಳ್ಳೆಯ ಬೆಕ್ಕುಗಳು ಸಾಯುವುದುಂಟಾದ್ದರಿಂದ ಈ ವಿಷಯವನ್ನು ಇಲ್ಲಿ ಬರೆಯಲಾಗಿದೆ.

ಬೆಕ್ಕಿನ ನಾಲಗೆಯು ಅರದಂತೆ ಒರಟು. ಅದರ ಮೇಲೆ ಗಂಟಲ ಕಡೆಗೆ ಬಾಗಿದ ಸಣ್ಣ ಮುಳ್ಳುಗಳಿವೆ. ಇವು ಉಗುರಿನಂಥ ಗಟ್ಟಿ ಪದಾರ್ಥದಿಂದಾದವು. ಈ ಮುಳ್ಳುಗಳ ತುದಿಯು ಸೀಳಿದ ಬಿದಿರಿನ ದಬ್ಬೆಯಂತೆ ತೋಡಾಗಿದ್ದು, ಜೊಲ್ಲನ್ನು ತಾನಾಗಿಯೇ ಹೀರಿಕೊಂಡು ರೋಮದ ಬುಡದವರೆಗೆ ಒಯ್ಯುವುದೆಂಬುದನ್ನು ಅಮೆರಿಕದ ನೋಯೆಲ್ ಮತ್ತು ಹೂ ಎಂಬ ವಿದ್ವಾಂಸರು 2018ರಲ್ಲಿ ತೋರಿಸಿಕೊಟ್ಟರು. ಹೀಗೆ ಒಂದೇ ನಾಲಗೆಯು ಬಾಚಣಿಗೆಯೂ ಒದ್ದೆಬಟ್ಟೆಯೂ ಆಗಿರುವುದು. ಮುಳ್ಳುಗಳು ಒಳಮುಖವಾಗಿರುವುದರಿಂದ ಕಿತ್ತುಬಂದದ್ದನ್ನು ಉಗುಳಲಾಗದೆ ಬೆಕ್ಕು ಬಹುಮಟ್ಟಿಗೆ ನುಂಗಿಬಿಡುತ್ತದೆ. ಅದು ಆಗಾಗ್ಗೆ ರೋಮದ ಉಂಡೆಯನ್ನು ಕಾರುವುದು ಇದರಿಂದಲೇ. ಈ ಅಂಶವನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ನೆಕ್ಕುವಿಕೆಯ ಮುಖ್ಯ ಪ್ರಯೋಜನವು ಚಿಗಟಗಳ ನಿವಾರಣೆ. ಎಕ್‌ಸ್ಟೈನ್ ಮತ್ತು ಹಾರ್ಟ್ ಎಂಬುವರು 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೆಲವು ಬೆಕ್ಕುಗಳ ಕೊರಳಿಗೆ ಅಗಲವಾದ ಪಟ್ಟಿಯನ್ನು ಹಾಕಿ ನೆಕ್ಕದಂತೆ ತಡೆಯಲಾಗಿತ್ತು. ಮೂರು ವಾರಗಳ ತರುವಾಯ ಅವುಗಳ ಮೈಯಲ್ಲಿ, ತಡೆಯಿಲ್ಲದ ಬೆಕ್ಕುಗಳಲ್ಲಿದ್ದುದಕ್ಕಿಂತ ಸುಮಾರು ಇಮ್ಮಡಿ ಚಿಗಟಗಳು ಕಂಡುಬಂದವು. (ಚಿಗಟವನ್ನು ನುಂಗಿದ ಬೆಕ್ಕಿಗೆ ಲಾಡಿಹುಳು ತಗಲುವುದೂ ಉಂಟು, ಲಾಭದೊಡನೆ ಇಷ್ಟು ನಷ್ಟ.) ಇದಲ್ಲದೆ ಬೆಕ್ಕಿಗೆ ಅಂಗಾಲಿನಲ್ಲಿ ಹೊರತು ಬೆವರು ಬಹಳವಾಗಿ ಬಾರದು. ಬೇಸಗೆಯಲ್ಲಿ ರೋಮಕ್ಕೆ ಹಚ್ಚಿದ ಜೊಲ್ಲು ಆರುವಾಗ ಮೈ ತಂಪಾಗುವುದು. ನೆಕ್ಕುವುದನ್ನೇ ಬಿಟ್ಟು ರೋಮ ಕೆದರಿಕೊಂಡು ಕುಳಿತ ಬೆಕ್ಕಿಗೆ ರೋಗವಿದೆಯೆಂದು ಶಂಕಿಸಬೇಕು.

ಇನ್ನು ಪರಸ್ಪರ ನೆಕ್ಕುವಿಕೆ. ಹುಟ್ಟಿದ ಮೊದಲ ವಾರಗಳಲ್ಲಿ ತಾಯಿ ನೆಕ್ಕಿದ ಹೊರತು ಮರಿಗಳಿಗೆ ಮಲಮೂತ್ರ ವಿಸರ್ಜನೆಯೇ ಆಗದು. ಬೆಳೆದ ಮೇಲೂ ಒಡಹುಟ್ಟಿದವು, ಒಟ್ಟಿಗೆ ಬೆಳೆದವು ಒಂದನ್ನೊಂದು ನೆಕ್ಕುವುವು. ಅದೂ ಹೆಚ್ಚಾಗಿ ತಲೆಯನ್ನೂ ಕತ್ತನ್ನೂ, ಎಂದರೆ ಸ್ವಂತ ನಾಲಗೆಗೆ ನಿಲುಕದ ಭಾಗಗಳನ್ನು. ಅಪರಿಚಿತ ಬೆಕ್ಕಿಗೆ ಈ ಉಪಚಾರವು ಸಾಮಾನ್ಯವಾಗಿ ದೊರೆಯುವುದಿಲ್ಲ.

ಮೇಲೆ ಹೇಳಿದ್ದರಿಂದ, ಬೆಕ್ಕಿನ ಮೈಮೇಲೆ ಬಿದ್ದದ್ದು ಅದರ ಹೊಟ್ಟೆಗೂ, ಜೊತೆಯ ಬೆಕ್ಕಿನ ಹೊಟ್ಟೆಗೂ ಹೋಗುವುದೆಂದು ಸ್ಪಷ್ಟವಾಗುತ್ತದೆ. ದನಗಳ ಉಣ್ಣೆಗೂ ನಾಯಿಯ ಚಿಗಟಕ್ಕೂ ತಂದ ಔಷಧವನ್ನು ಬೆಕ್ಕಿಗೆ ಹಚ್ಚುವುದು ಈ ಕಾರಣದಿಂದ ಅಪಾಯಕರ. ಪರ್ಮೆಥ್ರಿನ್ ಎಂಬ ಔಷಧವನ್ನು ನಾಯಿ ತಾಳಿಕೊಳ್ಳುವ ಪ್ರಮಾಣದಲ್ಲಿ ಬೆಕ್ಕು ತಾಳಲಾರದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿಯು ಬೆಕ್ಕಿನ ಯಕೃತ್ತಿಗೆ ಬಹಳ ಕಡಮೆ. ಫಿನಾಯಿಲಿನ ವಿಷಯವೂ ಹೀಗೆಯೇ. ಫಿನಾಯಿಲು ಹಾಕಿ ತೊಳೆದ ಕೊಟ್ಟಿಗೆಯ ನೆಲವು ಆರುವ ಮೊದಲು ಬೆಕ್ಕು ಅಲ್ಲಿ ನಡೆದರೆ, ತರುವಾಯ ಅಂಗಾಲುಗಳನ್ನು ನೆಕ್ಕಿ ವಿಷವನ್ನು ನುಂಗುವುದು. ಆದುದರಿಂದ ನೆಲ ಪೂರ್ತಿ ಒಣಗುವವರೆಗೆ ಬಾಗಿಲು ಮುಚ್ಚಿರತಕ್ಕದ್ದು. ಬೆಳೆಗೆ ಹೊಡೆಯುವ ಪುಡಿಯ ಚೀಲಗಳನ್ನು ಕಣಜದ ಬಳಿ ಇಡಲೇಬಾರದು. ಬೆಕ್ಕಿಗೆ ಚೀಲವೇ ಹಾಸಿಗೆ.

ಬೆಕ್ಕಿಗೆ ಜೊಲ್ಲು ಸುರಿದು ಮೈ ಅದುರತೊಡಗಿದರೆ, ಅದನ್ನು ಬಟ್ಟೆಯಲ್ಲಿ ಸುತ್ತಿ, ನೆಕ್ಕಲು ಬಿಡದೆ, ಕೂಡಲೇ ಪಶುವೈದ್ಯಶಾಲೆಗೆ ಒಯ್ಯಬೇಕು. ಇನ್ನೂ ಲಕ್ಷಣ ತೋರದಿದ್ದಲ್ಲಿ ಉಗುರುಬೆಚ್ಚಗಿನ ನೀರಿನಿಂದಲೂ ಸೌಮ್ಯವಾದ ಸಾಬೂನಿನಿಂದಲೂ ಮೈ ತೊಳೆದು, ಒರಸಿ, ಬೆಚ್ಚಗಿಟ್ಟು ವೈದ್ಯರಿಗೆ ತೋರಿಸುವುದು. ಮೈಗೆ ತಗುಲಿದ ಔಷಧದ ಸೀಸೆಯನ್ನೋ ಪೊಟ್ಟಣವನ್ನೋ ಜೊತೆಯಲ್ಲಿ ತೆಗೆದುಕೊಂಡು ಹೋಗುವುದನ್ನು ಮರೆಯಬಾರದು.