ಒಂದೇ ಬಲದ ಎರಡು ಪೈಪ್: ಯಾವುದನ್ನು ಆರಿಸೋಣ?

ಪೈಪ್ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ವ್ಯಾಸ ಮತ್ತು ದಪ್ಪ. ಆದರೆ ತೈಲ ಮತ್ತು ಅನಿಲದ ಪ್ರಾಜೆಕ್ಟ್‌ಗಳಲ್ಲಿ ಇವೆರಡನ್ನು ಬರೆದರೆ ಸಾಲದು. ಸ್ಟೀಲ್ ಯಾವುದು, ಹೇಗೆ ತಯಾರಾಗಿರಬೇಕು, ಯಾವ ಪರೀಕ್ಷೆ ಪಾಸಾಗಿರಬೇಕು ಅನ್ನೋದನ್ನೂ ಹೇಳಬೇಕು. ಅದೇ ಸ್ಪೆಸಿಫಿಕೇಶನ್. ಕಾರ್ಬನ್ ಸ್ಟೀಲ್ ಪೈಪಿಗೆ ಅದನ್ನು ಹೇಗೆ ಆರಿಸುತ್ತಾರೆ ಅಂತ ನೋಡೋಣ.

ಮುಖ್ಯವಾದ ನಾಲ್ಕು ಹೆಸರುಗಳು

1. ಎಎಸ್‌ಟಿಎಂ ಎ53: ನೀರು, ಗಾಳಿ, ಹಬೆಯಂಥ ಸಾಮಾನ್ಯ ಕೆಲಸಕ್ಕೆ. ಸೀಮ್‌ಲೆಸ್ ಕೂಡ ಸಿಗುತ್ತೆ, ವೆಲ್ಡ್ ಮಾಡಿದ್ದೂ ಸಿಗುತ್ತೆ.
2. ಎಎಸ್‌ಟಿಎಂ ಎ106: ಹೆಚ್ಚು ಉಷ್ಣತೆಯ ಕೆಲಸಕ್ಕೆ. ಸೀಮ್‌ಲೆಸ್ ಮಾತ್ರ.
3. ಎಎಸ್‌ಟಿಎಂ ಎ333 ಗ್ರೇಡ್ 6: ತಣ್ಣನೆಯ ಕೆಲಸಕ್ಕೆ. ಮೈನಸ್ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂಪ್ಯಾಕ್ಟ್ ಟೆಸ್ಟ್ ಪಾಸಾಗಬೇಕು.
4. ಎಪಿಐ 5ಎಲ್: ದೂರದ ಪೈಪ್‌ಲೈನ್‌ಗಳಿಗೆ. ಇದರಲ್ಲಿ ಎಕ್ಸ್52 ಅಂದ್ರೆ ಕನಿಷ್ಠ ಯೀಲ್ಡ್ ಸ್ಟ್ರೆಂತ್ 52,000 ಪಿಎಸ್‌ಐ, ಸುಮಾರು 360 ಮೆಗಾಪ್ಯಾಸ್ಕಲ್. ಪಿಎಸ್‌ಎಲ್1, ಪಿಎಸ್‌ಎಲ್2 ಅಂತ ಎರಡು ಮಟ್ಟ ಇವೆ. ಎರಡನೆಯದರಲ್ಲಿ ರಾಸಾಯನಿಕ ಮಿತಿ, ಪರೀಕ್ಷೆ ಎರಡೂ ಹೆಚ್ಚು ಬಿಗಿ.

ದಪ್ಪದ ಲೆಕ್ಕ

ಒಂದು ಉದಾಹರಣೆ ಮಾಡೋಣ. 8 ಇಂಚಿನ ಪೈಪ್, ಹೊರವ್ಯಾಸ 219.1 ಮಿ.ಮೀ. ಒಳಗಿನ ಒತ್ತಡ 50 ಬಾರ್, ಅಂದ್ರೆ 5 ಮೆಗಾಪ್ಯಾಸ್ಕಲ್. ಎ106 ಗ್ರೇಡ್ ಬಿ ಸ್ಟೀಲಿನ ಕನಿಷ್ಠ ಟೆನ್ಸೈಲ್ ಸ್ಟ್ರೆಂತ್ 415 ಮೆಗಾಪ್ಯಾಸ್ಕಲ್. ರಿಫೈನರಿಗಳಲ್ಲಿ ಬಳಸುವ ಎಎಸ್‌ಎಂಇ ಬಿ31.3 ಕೋಡ್ ಇದರ ಮೂರನೇ ಒಂದು ಭಾಗ, ಅಂದ್ರೆ ಸುಮಾರು 138 ಮಾತ್ರ ಬಳಸೋಕೆ ಬಿಡುತ್ತೆ. ಉಷ್ಣತೆ ತುಂಬಾ ಏರಿದರೆ ಇದೂ ಕಡಿಮೆಯಾಗುತ್ತೆ.

ಥಿನ್ ಸಿಲಿಂಡರ್ ಸೂತ್ರ ನಮಗೆ ಗೊತ್ತೇ ಇದೆ: ಒತ್ತಡ ಗುಣಿಸು ವ್ಯಾಸ, ಭಾಗಿಸು ಎರಡು ಪಟ್ಟು ಸ್ಟ್ರೆಸ್. ಉತ್ತರ 3.97 ಮಿ.ಮೀ. ತುಕ್ಕು ತಿನ್ನೋದಕ್ಕೆ ಅಂತ 3 ಮಿ.ಮೀ. ಸೇರಿಸಿದರೆ 6.97. ಕಾರ್ಖಾನೆಯಲ್ಲಿ ದಪ್ಪ ಶೇ. 12.5ರಷ್ಟು ಕಡಿಮೆ ಬರಬಹುದು, ಹಾಗಾಗಿ 0.875ರಿಂದ ಭಾಗಿಸಬೇಕು. ಈಗ 7.97 ಮಿ.ಮೀ. ಶೆಡ್ಯೂಲ್ 40 ಪೈಪಿನ ದಪ್ಪ 8.18. ಸಾಕು!

ಈಗ ಇದೇ ಲೆಕ್ಕವನ್ನು ಸೀಮ್‌ಲೆಸ್ ಎ53 ಗ್ರೇಡ್ ಬಿ ಪೈಪಿಗೆ ಮಾಡಿ. ಬಲ ಒಂದೇ, ಆದ್ದರಿಂದ ಉತ್ತರವೂ ಒಂದೇ. ಹಾಗಾದ್ರೆ ಯಾವುದನ್ನು ಹಾಕಿದರೂ ನಡೆಯುತ್ತಾ?

ರಿಚ್ಮಂಡ್ ಹೇಳುವ ಉತ್ತರ

2012ರ ಆಗಸ್ಟ್ 6. ಅಮೆರಿಕದ ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿರುವ ಶೆವ್ರಾನ್ ರಿಫೈನರಿಯಲ್ಲಿ 8 ಇಂಚಿನ ಒಂದು ಪೈಪ್ ಒಡೆಯಿತು. ಹೊರಬಂದ ಬಿಸಿ ಎಣ್ಣೆಯ ಆವಿ 19 ಕೆಲಸಗಾರರನ್ನು ಮುಚ್ಚಿತು, ಆಮೇಲೆ ಬೆಂಕಿ ಹೊತ್ತಿಕೊಂಡಿತು. ಅವರೆಲ್ಲ ಬದುಕಿ ಹೊರಬಂದರು. ಆದರೆ ಮುಂದಿನ ವಾರಗಳಲ್ಲಿ ಸುತ್ತಲಿನ ಸುಮಾರು 15,000 ಜನ ಚಿಕಿತ್ಸೆಗೆ ಹೋಗಬೇಕಾಯಿತು.

ಆ ಪೈಪ್ 1976ರಲ್ಲಿ ಹಾಕಿದ ಎ53 ಗ್ರೇಡ್ ಬಿ. ಒಳಗೆ 300 ಡಿಗ್ರಿಗೂ ಹೆಚ್ಚು ಬಿಸಿಯ, ಗಂಧಕ ಇರುವ ಎಣ್ಣೆ. ಈ ಬಿಸಿಯಲ್ಲಿ ಗಂಧಕ ಕಬ್ಬಿಣವನ್ನು ನಿಧಾನವಾಗಿ ತಿನ್ನುತ್ತೆ. ಇದಕ್ಕೆ ಸಲ್ಫಿಡೇಶನ್ ಅಂತಾರೆ. ಸ್ಟೀಲಿನಲ್ಲಿ ಸಿಲಿಕಾನ್ ಶೇ. 0.10ಕ್ಕಿಂತ ಕಡಿಮೆ ಇದ್ದರೆ ತಿನ್ನುವ ವೇಗ ತುಂಬಾ ಹೆಚ್ಚು. ಎ106ರಲ್ಲಿ ಕನಿಷ್ಠ ಶೇ. 0.10 ಸಿಲಿಕಾನ್ ಇರಲೇಬೇಕು. ಎ53ರಲ್ಲಿ ಅಂಥ ನಿಯಮವೇ ಇಲ್ಲ.

ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ತನಿಖೆ ಮಾಡಿದಾಗ, ಒಡೆದ ತುಂಡಿನಲ್ಲಿ ಸಿಲಿಕಾನ್ ಇದ್ದದ್ದು ಶೇ. 0.01 ಮಾತ್ರ. ಒಡೆದ ಜಾಗದ ಹತ್ತಿರ ಶೇ. 90ರಷ್ಟು ದಪ್ಪ ಸವೆದುಹೋಗಿತ್ತು. ಅದಕ್ಕೆ ತಾಗಿಕೊಂಡೇ ಇದ್ದ ಎಲ್ಬೋದಲ್ಲಿ ಸಿಲಿಕಾನ್ ಶೇ. 0.16 ಇತ್ತು, ಅದು ಅಷ್ಟೊಂದು ಸವೆದಿರಲಿಲ್ಲ. ಒಂದೇ ಲೈನ್, ಒಂದೇ ಎಣ್ಣೆ, ಒಂದೇ ಬಿಸಿ! ಈ ವ್ಯತ್ಯಾಸ ನಾವು ಮೇಲೆ ಮಾಡಿದ ದಪ್ಪದ ಲೆಕ್ಕದಲ್ಲಿ ಎಲ್ಲೂ ಕಾಣೋದಿಲ್ಲ.

ಹಾಗಾದರೆ ಆರಿಸುವ ಕ್ರಮ

ಮೊದಲು, ಒಳಗೆ ಹರಿಯೋದು ಏನು? ನೀರಿನಂಶದ ಜೊತೆ ಹೈಡ್ರೋಜನ್ ಸಲ್ಫೈಡ್ ಇದ್ದರೆ ಸ್ಟೀಲ್ ಬಿರುಕು ಬಿಡಬಹುದು. ಅದಕ್ಕೆ ಎನ್‌ಎಸಿಇ ಎಂಆರ್0175 ನಿಯಮ ನೋಡಬೇಕು. ಕಾರ್ಬನ್ ಸ್ಟೀಲಿನ ಹಾರ್ಡ್‌ನೆಸ್ 22 ಎಚ್‌ಆರ್‌ಸಿ ದಾಟಬಾರದು. ಬಿಸಿ ಗಂಧಕ ಇದ್ದರೆ ಸಿಲಿಕಾನ್ ನೋಡಬೇಕು. ತೀವ್ರತೆ ಹೆಚ್ಚಿದ್ದರೆ ಕಾರ್ಬನ್ ಸ್ಟೀಲ್ ಬಿಟ್ಟು ಕ್ರೋಮಿಯಂ ಇರುವ ಸ್ಟೀಲಿಗೇ ಹೋಗಬೇಕು.

ಎರಡನೆಯದು, ಉಷ್ಣತೆ ಎಷ್ಟು? ತುಂಬಾ ತಣ್ಣಗಿದ್ದರೆ ಎ333. ಸುಮಾರು 425 ಡಿಗ್ರಿ ಮೇಲೆ ಬಹುಕಾಲ ಇದ್ದರೆ ಸ್ಟೀಲಿನೊಳಗಿನ ಕಾರ್ಬನ್ ಗ್ರಾಫೈಟ್ ಆಗಿ ಬಲ ಕುಂದಬಹುದು.

ಮೂರನೆಯದು, ಪೈಪ್ ಇರೋದು ಎಲ್ಲಿ? ಪ್ಲಾಂಟ್ ಒಳಗಾ, ಊರೂರು ದಾಟುವ ಲೈನಾ? ಇವೆಲ್ಲ ತೀರ್ಮಾನ ಆದ ಮೇಲೆ ದಪ್ಪದ ಲೆಕ್ಕ.

ಕೊನೆಯದು, ಬಂದ ಪೈಪನ್ನು ಪರಿಶೀಲಿಸೋದು. ಈಗ ಒಂದೇ ಪೈಪಿನ ಮೇಲೆ ಎ53, ಎ106, ಎಪಿಐ 5ಎಲ್ ಮೂರೂ ಬರೆದಿರೋದು ಸಾಮಾನ್ಯ. ಅದರ ಜೊತೆ ಹೀಟ್ ನಂಬರ್ ಕೂಡ ಇರುತ್ತೆ. ಆ ನಂಬರ್ ಹಿಡಿದು ಮಿಲ್ ಟೆಸ್ಟ್ ಸರ್ಟಿಫಿಕೇಟ್ ತೆಗೆದರೆ ಕಾರ್ಬನ್ ಎಷ್ಟು, ಸಿಲಿಕಾನ್ ಎಷ್ಟು, ಎಲ್ಲ ಸಿಗುತ್ತೆ. ಮಂಗಳೂರಿನ ಎಂಆರ್‌ಪಿಎಲ್‌ನಂಥ ರಿಫೈನರಿಗೆ ನಮ್ಮಲ್ಲಿ ಯಾರಾದರೂ ಇಂಟರ್ನ್‌ಶಿಪ್‌ಗೆ ಹೋದರೆ, ಪೈಪಿನ ಮೇಲಿನ ಆ ಬರಹವನ್ನು ಒಮ್ಮೆ ನಿಂತು ಓದಿ. ಸರ್ಟಿಫಿಕೇಟ್ ತೋರಿಸಿ ಅಂತ ಕೇಳಿ, ಸಿಲಿಕಾನ್ ಕಾಲಂ ನೋಡಿ.